ಮಣ್ಣು ಕಾಪಾಡಿದ ಮರದ ಕೋಟೆ

1086ನೇ ಇಸವಿ. ಇಂಗ್ಲೆಂಡಿನ ಪಶ್ಚಿಮ ಭಾಗದ ಷ್ರೂಸ್‌ಬರಿ ಪಟ್ಟಣಕ್ಕೆ ರಾಜನ ಲೆಕ್ಕದವರು ಬಂದಿದ್ದರು. ಯಾರ ಬಳಿ ಎಷ್ಟು ಭೂಮಿ, ಎಷ್ಟು ನೇಗಿಲು, ಎಷ್ಟು ಮನೆ ಎಂದು ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ಊರಿನ ಇಂಗ್ಲಿಷ್ ನಿವಾಸಿಗಳು ಅವರ ಮುಂದೆ ಒಂದು ಅಹವಾಲು ಹೇಳಿಕೊಂಡರು. ಎಡ್ವರ್ಡ್ ರಾಜನ ಕಾಲದಲ್ಲಿ ಊರಿನಲ್ಲಿ 252 ಮನೆಗಳಿದ್ದವು. ಈಗ 51 ಮನೆಗಳ ಜಾಗವನ್ನು ಅರ್ಲ್ ಸಾಹೇಬನ ಕೋಟೆ ನುಂಗಿದೆ. ಇನ್ನೂ 50 ಮನೆಗಳು ಪಾಳುಬಿದ್ದಿವೆ. ಕೆಲವು ಫ್ರಾನ್ಸಿನಿಂದ ಬಂದವರ ಪಾಲಾಗಿವೆ. ಆದರೂ ತೆರಿಗೆ ಮಾತ್ರ ಹಳೆಯ ಲೆಕ್ಕದ್ದೇ. ಇಲ್ಲದ ಮನೆಗಳ ತೆರಿಗೆಯನ್ನೂ ಉಳಿದವರೇ ತುಂಬಬೇಕು. ಇದು ತಮಗೆ ಬಹಳ ಕಷ್ಟವಾಗಿದೆ ಎಂಬ ಅವರ ಮಾತನ್ನು ಲೆಕ್ಕದವರು ಬರೆದುಕೊಂಡರು. ಡೂಮ್ಸ್‌ಡೇ ಪುಸ್ತಕ ಎಂದು ಹೆಸರಾದ ಆ ದಾಖಲೆ ಇಂದಿಗೂ ಉಳಿದಿದೆ, ಅದರೊಳಗೆ ಈ ದೂರೂ ಉಳಿದಿದೆ.

ಷ್ರೂಸ್‌ಬರಿ ಒಂದೇ ಅಲ್ಲ. ಅದೇ ಪುಸ್ತಕದ ಪ್ರಕಾರ ಲಿಂಕನ್ ಪಟ್ಟಣದಲ್ಲಿ ಕೋಟೆಗಾಗಿ 166 ಮನೆಗಳು ಹೋದವು, ನಾರ್ವಿಚ್‌ನಲ್ಲಿ 98, ಕೇಂಬ್ರಿಜ್‌ನಲ್ಲಿ 27. ಪರಿಹಾರ, ಪುನರ್ವಸತಿ ಎಂಬ ಮಾತುಗಳು ಹುಟ್ಟದ ಕಾಲ ಅದು.

ಇಷ್ಟು ಮನೆಗಳನ್ನು ಕೆಡವಿ ಕಟ್ಟಿದ ಕೋಟೆಗಳು ಎಂಥವು? ಕೋಟೆ ಎಂದರೆ ಕಲ್ಲು ಎಂದುಕೊಳ್ಳುವುದು ವಾಡಿಕೆ. ಆದರೆ ಇವುಗಳಲ್ಲಿ ಬಹುಪಾಲು ಕಲ್ಲಿನವಲ್ಲ. ಮಣ್ಣು ಮತ್ತು ಮರ, ಅಷ್ಟೇ. ಒಂದು ಪರದೇಶಿ ಸೈನ್ಯ ಒಂದು ದೇಶವನ್ನೇ ಹಿಡಿದಿಟ್ಟುಕೊಂಡದ್ದು ಸಲಿಕೆ ಮತ್ತು ಕೊಡಲಿಯ ಬಲದಿಂದ.

ಹಿನ್ನೆಲೆ ಚುಟುಕಾಗಿ ಹೀಗಿದೆ. 1066ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಉತ್ತರ ತೀರದ ನಾರ್ಮಂಡಿಯ ದೊರೆ ವಿಲಿಯಂ ಹೇಸ್ಟಿಂಗ್ಸ್ ಯುದ್ಧದಲ್ಲಿ ಗೆದ್ದು ಇಂಗ್ಲೆಂಡಿನ ರಾಜನಾದ. ಗೆದ್ದವರು ಕೆಲವು ಸಾವಿರ ಮಂದಿ, ಸೋತವರು ಲಕ್ಷಾಂತರ. ಆ ಜನರ ನಡುವೆ ರಾತ್ರಿ ಕಣ್ಣು ಮುಚ್ಚಿ ಮಲಗಬೇಕಾದರೆ ಗೆದ್ದವರಿಗೆ ಭದ್ರವಾದ ಒಂದು ಜಾಗ ಬೇಕಿತ್ತು, ಅದೂ ಬೇಗ ಬೇಕಿತ್ತು. ಕಲ್ಲು ಕಡಿದು, ಸಾಗಿಸಿ, ಸುಣ್ಣ ಸುಟ್ಟು, ಗೋಡೆ ಎಬ್ಬಿಸಲು ವರ್ಷಗಳು ಹಿಡಿಯುತ್ತವೆ. ಮಣ್ಣು ಕಾಲ ಕೆಳಗೇ ಇತ್ತು. ಮರ ಪಕ್ಕದ ಕಾಡಿನಲ್ಲಿತ್ತು. ಬಿಟ್ಟಿ ದುಡಿಮೆಗೆ ಸೋತವರೇ ಇದ್ದರು. 1069ರಲ್ಲಿ ವಿಲಿಯಂ ಯಾರ್ಕ್ ನಗರದಲ್ಲಿ ಎಂಟು ದಿನ ತಂಗಿ ಅಲ್ಲಿ ಎರಡನೆಯ ಕೋಟೆ ಕಟ್ಟಿಸಿದ ಎಂದು ಆರ್ಡರಿಕ್ ವಿಟಾಲಿಸ್ ಎಂಬ ಸನ್ಯಾಸಿ ಚರಿತ್ರೆಕಾರ ಬರೆದಿದ್ದಾನೆ. ಇಂಗ್ಲಿಷರು ಶೂರರಾಗಿದ್ದರೂ ಸೋತದ್ದು ಏಕೆ ಎಂಬುದಕ್ಕೆ ಅವನು ಕೊಡುವ ಕಾರಣವೂ ಇದೇ: ಅವರ ನಾಡಿನಲ್ಲಿ ಇಂಥ ಕೋಟೆಗಳು ತೀರಾ ವಿರಳವಾಗಿದ್ದವು. ಆರ್ಡರಿಕ್ ಹುಟ್ಟಿದ್ದು ಷ್ರೂಸ್‌ಬರಿಯ ಸಮೀಪದಲ್ಲೇ. ಅವನ ತಂದೆ ಫ್ರೆಂಚ್ ಪಾದ್ರಿ, ಊರಿನವರು ದೂರು ಹೇಳಿದ ಅದೇ ಅರ್ಲ್‌ನ ಆಶ್ರಯದಲ್ಲಿದ್ದವನು.

ಕೋಟೆಯ ರಚನೆ ಸರಳ. ಮೊದಲು ವರ್ತುಲಾಕಾರವಾಗಿ ಆಳವಾದ ಕಂದಕ ತೋಡುವುದು. ತೋಡಿದ ಮಣ್ಣನ್ನು ನಡುವೆ ಸುರಿದು ಗುಡ್ಡ ಮಾಡುವುದು. ಗುಡ್ಡದ ನೆತ್ತಿಯನ್ನು ಮಟ್ಟಸಗೊಳಿಸಿ ಮರದ ಗೋಪುರ ನಿಲ್ಲಿಸುವುದು. ಈ ಗುಡ್ಡಕ್ಕೆ ‘ಮಾಟ್’ ಎಂದು ಹೆಸರು. ಅದರ ಬುಡಕ್ಕೆ ತಾಗಿದಂತೆ ವಿಶಾಲವಾದ ಅಂಗಳ. ಅದಕ್ಕೂ ಸುತ್ತ ಕಂದಕ, ಮಣ್ಣಿನ ಏರಿ, ಏರಿಯ ಮೇಲೆ ಒತ್ತೊತ್ತಾಗಿ ನೆಟ್ಟ ಮರದ ಕಂಬಗಳ ತಡೆ. ಅಂಗಳಕ್ಕೆ ‘ಬೇಯ್ಲಿ’ ಎನ್ನುತ್ತಾರೆ. ಕನ್ನಡದ ‘ಬೇಲಿ’ಗೂ ಇದಕ್ಕೂ ನಂಟಿಲ್ಲ, ಆದರೆ ಅರ್ಥ ಬಹಳ ದೂರವೂ ಇಲ್ಲ! ಅಂಗಳದಲ್ಲಿ ಊಟದ ಹಜಾರ, ಕುದುರೆ ಲಾಯ, ಕಣಜ, ಅಡುಗೆಮನೆ, ಕಮ್ಮಾರನ ಕುಲುಮೆ. ಅಂಗಳದಿಂದ ಗುಡ್ಡಕ್ಕೆ ಏರಲು ಕಂದಕದ ಮೇಲೊಂದು ಮರದ ಸೇತುವೆ. ಶತ್ರು ಅಂಗಳಕ್ಕೆ ನುಗ್ಗಿದರೆ ಸೇತುವೆ ಮುರಿದು ಗುಡ್ಡ ಸೇರಿಕೊಳ್ಳಬಹುದು. ‘ಮಾಟ್’ ಎಂಬ ಫ್ರೆಂಚ್ ಪದ ಇಂಗ್ಲಿಷಿಗೆ ಹೋಗಿ ಕಾಲಾಂತರದಲ್ಲಿ ‘ಮೋಟ್’ ಎಂದಾಗಿ ಕಂದಕಕ್ಕೆ ಅಂಟಿಕೊಂಡಿತು. ಗುಡ್ಡದ ಹೆಸರು ಗುಂಡಿಗೆ ಬಿತ್ತು.

ಇದನ್ನು ಕಟ್ಟುತ್ತಿದ್ದ ದೃಶ್ಯವನ್ನು ಕಣ್ಣಾರೆ ಕಾಣಬೇಕೆನ್ನುವವರು ಬಾಯೊ ಕಸೂತಿಯನ್ನು ನೋಡಬೇಕು. 11ನೇ ಶತಮಾನದ, ಸುಮಾರು 230 ಅಡಿ ಉದ್ದದ ಈ ನಾರುಬಟ್ಟೆಯ ಮೇಲೆ ಬಣ್ಣದ ಉಣ್ಣೆದಾರದಲ್ಲಿ ಇಡೀ ದಂಡಯಾತ್ರೆಯ ಕಥೆ ಇದೆ. ಹೇಸ್ಟಿಂಗ್ಸ್‌ನಲ್ಲಿ ಕೂಲಿಗಳು ಸಲಿಕೆ ಹಿಡಿದು ಗುಡ್ಡ ಏರಿಸುತ್ತಿದ್ದಾರೆ. ಗುಡ್ಡದ ಮೈಯಲ್ಲಿ ಬೇರೆ ಬೇರೆ ಬಣ್ಣದ ಪಟ್ಟೆಗಳಿವೆ. ಇದು ಅಲಂಕಾರವಿರಲಾರದು. ಗುಡ್ಡ ಜಾರದಂತೆ ಜೇಡಿ, ಕಲ್ಲುಮಣ್ಣು, ಹುಲ್ಲುಹೆಂಟೆಗಳನ್ನು ಪದರ ಪದರವಾಗಿ ಹಾಸುತ್ತಿದ್ದರು ಎಂಬುದು ಹಲವೆಡೆ ಅಗೆದಾಗ ತಿಳಿದುಬಂದಿದೆ. ಕಸೂತಿಯ ಇನ್ನೊಂದು ಮೂಲೆಯಲ್ಲಿ ಇಬ್ಬರು ಕೂಲಿಗಳು ಕೆಲಸ ಬಿಟ್ಟು ಸಲಿಕೆಯಿಂದ ಹೊಡೆದಾಡಿಕೊಳ್ಳುತ್ತಿದ್ದಾರೆ. ರಾಜರ ಕಥೆಯ ನಡುವೆ ಅವರನ್ನೂ ಹೊಲಿದವರಿಗೆ ನಮಸ್ಕಾರ ಹೇಳಬೇಕು. ಹಾಗೆಯೇ ಬ್ರಿಟನಿಯ ದಿನಾನ್ ಕೋಟೆಯ ಚಿತ್ರ: ಇಬ್ಬರು ಸೈನಿಕರು ಮರದ ತಡೆಗೆ ಪಂಜು ಹಿಡಿದಿದ್ದಾರೆ, ಮೇಲಿನವನು ಈಟಿಯ ತುದಿಗೆ ಬೀಗದ ಕೈ ಸಿಕ್ಕಿಸಿ ಶರಣಾಗುತ್ತಿದ್ದಾನೆ. ಮರದ ಕೋಟೆಯ ದೌರ್ಬಲ್ಯ ಏನೆಂಬುದು ಇದರಲ್ಲೇ ಇದೆ.

ಬೆಂಕಿಗಿಂತ ದೊಡ್ಡ ಶತ್ರು ಕಾಲ. ಗೋಪುರ, ತಡೆ, ಹಜಾರ ಎಲ್ಲವೂ ಲಡ್ಡಾಗಿ ಮಣ್ಣಾದವು. ಉಳಿದದ್ದು ಹುಲ್ಲು ಬೆಳೆದ ಬೋಳು ದಿಬ್ಬಗಳು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥವು ನೂರಾರಿವೆ. ಇವು ಯಾರು ಮಾಡಿದ ಗುಡ್ಡಗಳು ಎಂಬುದೇ ಜನರಿಗೆ ಮರೆತುಹೋಯಿತು.

ಪಂಡಿತರಿಗೂ ಮರೆತಿತ್ತು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕೋಟೆಗಳ ವಿಷಯದಲ್ಲಿ ಕೊನೆಯ ಮಾತು ಎನಿಸಿಕೊಂಡಿದ್ದವರು ಜಾರ್ಜ್ ಥಾಮಸ್ ಕ್ಲಾರ್ಕ್. ಇವರು ವೃತ್ತಿಯಿಂದ ಎಂಜಿನಿಯರ್. 1840ರ ದಶಕದಲ್ಲಿ ಮುಂಬಯಿಯಲ್ಲಿದ್ದು, ಅಲ್ಲಿಂದ ಠಾಣೆಯ ಕಡೆಗೆ ರೈಲು ಹಾಕುವ ಆರಂಭದ ಯೋಜನೆಯಲ್ಲಿ ಕೈಜೋಡಿಸಿದ್ದವರು. ಭಾರತದ ರೈಲ್ವೆ ಇತಿಹಾಸದಲ್ಲೂ ಅವರ ಹೆಸರಿದೆ. ಈ ದಿಬ್ಬಗಳು ನಾರ್ಮನ್ನರಿಗಿಂತ ಹಿಂದಿನ ಆಂಗ್ಲೊ-ಸ್ಯಾಕ್ಸನ್ ಒಡೆಯರವು ಎಂಬುದು 1884ರಲ್ಲಿ ಪ್ರಕಟವಾದ ಅವರ ಗ್ರಂಥದ ತೀರ್ಮಾನ. ಹಳೆಯ ದಾಖಲೆಗಳಲ್ಲಿ ‘ಬರ್ಗ್’ ಎಂದು ಬರುವ ಕಡೆಯಲ್ಲೆಲ್ಲ ಅವರು ಈ ದಿಬ್ಬವನ್ನೇ ಕಂಡರು.

ಇದನ್ನು ತಳ್ಳಿಹಾಕಿದವರಲ್ಲಿ ಮುಖ್ಯರು ಎಲಾ ಆರ್ಮಿಟೇಜ್ ಎಂಬ ಮಹಿಳೆ. ಕೇಂಬ್ರಿಜ್‌ನ ನ್ಯೂನಂ ಕಾಲೇಜಿನ ಮೊಟ್ಟಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಬ್ರಿಟಿಷ್ ದ್ವೀಪಗಳ ಆರಂಭದ ನಾರ್ಮನ್ ಕೋಟೆಗಳ ಬಗ್ಗೆ 1912ರಲ್ಲಿ ಅವರ ಗ್ರಂಥ ಹೊರಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಒಂದೊಂದೇ ಕೋಟೆಯನ್ನು ಎತ್ತಿಕೊಂಡು, ದಾಖಲೆ ಮತ್ತು ಸ್ಥಳ ಎರಡನ್ನೂ ಹೊಂದಿಸಿ ಅವರು ಮುಂದಿಟ್ಟ ವಾದ ಇಂದಿಗೂ ಬಹುಮಟ್ಟಿಗೆ ಗಟ್ಟಿಯಾಗಿ ನಿಂತಿದೆ. ಸ್ಯಾಕ್ಸನ್ನರ ಬರ್ಗ್ ಎಂದರೆ ಊರಿಗೆ ಊರೇ ಒಳಗೆ ಸೇರಿಕೊಳ್ಳುವ ದೊಡ್ಡ ಆವರಣ. ಅದು ಎಲ್ಲರ ರಕ್ಷಣೆಗೆ. ಈ ದಿಬ್ಬವಾದರೋ ತೀರಾ ಕಿರಿದು. ಅದರ ಮೇಲೆ ಒಬ್ಬ ಒಡೆಯ, ಅವನ ಮನೆಯವರು, ಅವನ ಆಳುಗಳು ಮಾತ್ರ ಇರಬಲ್ಲರು. ಅದು ಊರನ್ನು ಕಾಯುವುದಕ್ಕಲ್ಲ, ಊರಿನಿಂದ ತನ್ನನ್ನು ಕಾಯ್ದುಕೊಳ್ಳುವುದಕ್ಕೆ. ಹೀಗಾಗಿ ಇದು ಹೊರಗಿನಿಂದ ಬಂದವರದು ಎಂದು ಅವರು ಹೇಳಿದರು. ‘ಕ್ಯಾಸಲ್’ ಎಂಬ ಪದವೇ ಆ ಅರ್ಥದಲ್ಲಿ ಇಂಗ್ಲಿಷಿಗೆ ಹೊಸದು. 1051ರ ಸುಮಾರಿಗೆ ಹೆರಿಫರ್ಡ್ ಸೀಮೆಯಲ್ಲಿ ಪರದೇಶಿಗಳು ಕೋಟೆ ಕಟ್ಟಿಕೊಂಡು ಜನರನ್ನು ಪೀಡಿಸಿದರು ಎಂದು ಹೇಳುವಾಗ ಅಲ್ಲಿಯ ವೃತ್ತಾಂತಕಾರ ಆ ಪದ ಬಳಸುತ್ತಾನೆ.

ದಿಬ್ಬ ಯಾರದೆಂಬುದು ತೀರ್ಮಾನವಾಯಿತು. ಆದರೆ ಅದರ ಮೇಲೆ, ಪಕ್ಕದಲ್ಲಿ ಏನಿತ್ತು? 1949ರಲ್ಲಿ ಸರ್ರೆ ಪ್ರಾಂತ್ಯದ ಅಬಿಂಜರ್ ಎಂಬಲ್ಲಿ ಬ್ರಯನ್ ಹೋಪ್-ಟೇಲರ್ ದಿಬ್ಬದ ನೆತ್ತಿಯನ್ನು ಅಗೆದು ಒಂದು ಪುಟ್ಟ ಗೋಪುರದ ಕಂಬದ ಗುಣಿಗಳನ್ನು, ಅದರ ಸುತ್ತಲ ತಡೆಯ ಗುಣಿಗಳನ್ನು ಪತ್ತೆ ಹಚ್ಚಿದರು. ಅಂಗಳದ ಕಥೆ ಮಾತ್ರ ಕತ್ತಲೆಯಲ್ಲೇ ಇತ್ತು. ಪಠ್ಯಪುಸ್ತಕಗಳು ಎರಡು ಸಾಲಿನಲ್ಲಿ ಮುಗಿಸುತ್ತಿದ್ದವು: ಮರದ ಕೋಟೆ ಅವಸರದ್ದು, ತಾತ್ಕಾಲಿಕ, ಕೈಯಲ್ಲಿ ಹಣ ಬಂದ ಕೂಡಲೇ ಕಲ್ಲಿನದು ಬಂತು. ಈ ಮಾತು ಎಷ್ಟು ಅಪೂರ್ಣ ಎಂಬುದನ್ನು ತೋರಿಸಲು ಒಂದೇ ಜಾಗದಲ್ಲಿ ಮೂವತ್ತು ವರ್ಷ ಮೊಣಕಾಲೂರಬೇಕಾಯಿತು.

ಆ ಜಾಗ ಹೆನ್ ಡೊಮೆನ್. ವೆಲ್ಷ್ ಭಾಷೆಯಲ್ಲಿ ‘ಹಳೆಯ ದಿಬ್ಬ’ ಎಂದರ್ಥ. ಷ್ರೂಸ್‌ಬರಿಯಿಂದ ನೈರುತ್ಯಕ್ಕೆ ಸುಮಾರು ಇಪ್ಪತ್ತು ಮೈಲಿ, ವೇಲ್ಸ್‌ನ ಗಡಿಯೊಳಗೆ. ಸೆವರ್ನ್ ನದಿಯನ್ನು ದಾಟುವ ಒಂದು ಹಳೆಯ ಹಾಯಗಡದ ಮೇಲೆ ಕಣ್ಣಿಡುವಂಥ ಏರು. ಷ್ರೂಸ್‌ಬರಿಯ 51 ಮನೆಗಳನ್ನು ತೆಗೆಸಿದ ಅರ್ಲ್ ರೋಜರನೇ 1070ರ ದಶಕದಲ್ಲಿ ಇದನ್ನೂ ಕಟ್ಟಿಸಿದ. ನಾರ್ಮಂಡಿಯಲ್ಲಿದ್ದ ತನ್ನ ಮನೆತನದ ಊರು ಮಾಂಟ್‌ಗೊಮೆರಿಯ ಹೆಸರನ್ನೇ ಇದಕ್ಕೂ ಇಟ್ಟ. ದಿಬ್ಬದ ಎತ್ತರ ಸುಮಾರು 25 ಅಡಿ. ಅಂಗಳದ ಸುತ್ತ ಒಂದಲ್ಲ, ಎರಡು ಸಾಲು ಕಂದಕ ಮತ್ತು ಏರಿ. 1094ರಲ್ಲಿ ರೋಜರ್ ಸತ್ತ. ಮರುವರ್ಷವೇ ವೇಲ್ಸ್‌ನವರು ಕೋಟೆಗೆ ನುಗ್ಗಿ ಕಾವಲಿದ್ದವರನ್ನು ಕೊಂದರು. 1102ರಲ್ಲಿ ರೋಜರನ ಇನ್ನೊಬ್ಬ ಮಗ ರಾಬರ್ಟ್ ರಾಜನ ವಿರುದ್ಧ ದಂಗೆಯೆದ್ದು ಆಸ್ತಿಯನ್ನೆಲ್ಲ ಕಳೆದುಕೊಂಡ. ಕೋಟೆ ಬಾಲ್ಡ್ವಿನ್ ಎಂಬ ಸರದಾರನ ಕೈಗೆ ಹೋಯಿತು. ಪಕ್ಕದ ಪಟ್ಟಣವನ್ನು ವೇಲ್ಸ್‌ನವರು ಇಂದಿಗೂ ತಮ್ಮ ಭಾಷೆಯಲ್ಲಿ ‘ಬಾಲ್ಡ್ವಿನನ ಊರು’ ಎಂದೇ ಕರೆಯುತ್ತಾರೆ. ಇಂಗ್ಲಿಷಿನವರಿಗೆ ಅದು ಮಾಂಟ್‌ಗೊಮೆರಿ. ಇಬ್ಬರು ಪರದೇಶಿ ಒಡೆಯರ ಹೆಸರು ಎರಡು ಭಾಷೆಯಲ್ಲಿ ಒಂದೇ ಊರಿಗೆ ಅಂಟಿದೆ.

1960ರಲ್ಲಿ ಇಲ್ಲಿ ಅಗೆತ ಆರಂಭಿಸಿದವರು ಫಿಲಿಪ್ ಬಾರ್ಕರ್. ಅವರು ಮೂಲತಃ ಷ್ರೂಸ್‌ಬರಿಯ ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರು. ಪುರಾತತ್ವಕ್ಕೆ ತಿರುಗಿದ ಮೇಲೂ ಚಿತ್ರಕಾರನ ಕಣ್ಣು ಅವರನ್ನು ಬಿಡಲಿಲ್ಲ, ಬಿಡದಿದ್ದುದೇ ಒಳ್ಳೆಯದಾಯಿತು.

ಮರದ ಕೋಟೆಯನ್ನು ಅಗೆಯುವುದು ಎಂದರೇನು ಎಂದು ಅರ್ಥವಾಗಲು ಮದುವೆ ಚಪ್ಪರವನ್ನು ನೆನಪಿಸಿಕೊಳ್ಳಿ. ಮದುವೆ ಮುಗಿದು ಕಂಬ ಕಿತ್ತ ಮೇಲೆ ಗುಣಿಗೆ ಎಷ್ಟೇ ಮಣ್ಣು ತುಂಬಿ ತುಳಿದರೂ ಅಲ್ಲಿಯ ಮಣ್ಣಿನ ಬಣ್ಣ, ಹದ ಸುತ್ತಲ ನೆಲದಂತೆ ಇರುವುದಿಲ್ಲ. ಕಂಬ ಅಲ್ಲೇ ಕೊಳೆತರೂ ಹಾಗೆಯೇ, ಅದರ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಒಂಬೈನೂರು ವರ್ಷದ ಬಳಿಕ ಕೋಟೆಯೆಂದರೆ ಇಂಥ ಕಲೆಗಳು ಮಾತ್ರ. ಹೆನ್ ಡೊಮೆನ್‌ನಲ್ಲಿ ಕಷ್ಟ ಇನ್ನೂ ಹೆಚ್ಚು. ಅಲ್ಲಿಯದು ಕಲ್ಲುಬೆರೆತ ಜೇಡಿಮಣ್ಣು. ಗುಣಿಯಲ್ಲೂ ಅದೇ ಮಣ್ಣು, ಹೊರಗೂ ಅದೇ ಮಣ್ಣು. ಹಲವು ಕಟ್ಟಡಗಳಿಗೆ ಗುಣಿಯೂ ಇರಲಿಲ್ಲ; ನೆಲದ ಮೇಲೆ ಮಲಗಿಸಿದ ದಿಮ್ಮಿಯ ಮೇಲೆ ಗೋಡೆ ಎಬ್ಬಿಸಿದ್ದರು. ಅಂಥ ಕಡೆ ಉಳಿದಿದ್ದುದು ಹರಳುಗಲ್ಲುಗಳ ಹರವಿನಲ್ಲಿ ಒಂದು ನೇರವಾದ ಅಂಚು, ಅಥವಾ ತಡಿಕೆಗೆ ಮೆತ್ತಿದ ಮಣ್ಣು ಕರಗಿ ಬಿದ್ದ ಒಂದು ಪಟ್ಟೆ.

ಅದುವರೆಗೆ ಪುರಾತತ್ವದವರ ರೂಢಿ ಎಂದರೆ ಉದ್ದುದ್ದ ಕಿರಿದಾದ ಗುಂಡಿ ತೋಡಿ ಗೋಡೆ ಅಡ್ಡ ಸಿಗುತ್ತದೆಯೇ ಎಂದು ನೋಡುವುದು. ಕಲ್ಲಿನ ಗೋಡೆ ಸಿಗುತ್ತದೆ. ಮರದ ನೆರಳು ಸಿಗುವುದಿಲ್ಲ. ಬಾರ್ಕರ್ ಇಡೀ ಬಯಲನ್ನೇ ಒಟ್ಟಿಗೆ ತೆರೆದರು. ಬೇಸಿಗೆ ಬೇಸಿಗೆಗೂ ಬರುವ ವಿದ್ಯಾರ್ಥಿಗಳು, ಸ್ವಯಂಸೇವಕರು ಸಾಲಾಗಿ ಮೊಣಕಾಲೂರಿ ಗಾರೆಯವರ ಕರಣೆಯಿಂದ ನೆಲವನ್ನು ತೆಳುವಾಗಿ ಕೆರೆಯುತ್ತಿದ್ದರು. ಕಂಡ ಕಲ್ಲನ್ನೆಲ್ಲ ಕಿತ್ತೆಸೆಯುವಂತಿಲ್ಲ. ಮೊದಲು ಅದಿದ್ದಲ್ಲೇ ಚಿತ್ರದಲ್ಲಿ ಗುರುತಿಸಬೇಕು. ಇದೇ ಪದ್ಧತಿಯಲ್ಲಿ ಅವರು ರಾಕ್ಸಿಟರ್ ಎಂಬ ರೋಮನ್ ಪಟ್ಟಣದ ಹಾಳುಗಳಲ್ಲೂ ಕೆಲಸ ಮಾಡಿದರು. ರೋಮನ್ ಕಲ್ಲುಪುಡಿಯ ಮೇಲೆ ಮುಂದಿನ ಕಾಲದ ಮರದ ಕಟ್ಟಡಗಳ ಗುರುತು ಅಲ್ಲಿ ಕಂಡವು. ಹಿಂದಿನವರು ಅವನ್ನು ಕಸವೆಂದು ಅಗೆದು ಬಿಸಾಡಿರುವ ಸಂಭವವೇ ಹೆಚ್ಚು. ಉತ್ಖನನ ತಂತ್ರದ ಬಗ್ಗೆ 1977ರಲ್ಲಿ ಬಂದ ಬಾರ್ಕರರ ಪುಸ್ತಕ ಒಂದು ತಲೆಮಾರಿನ ಕೈಪಿಡಿಯಾಯಿತು.

ಹೆನ್ ಡೊಮೆನ್‌ನ ಕೆಲಸ 1992ರವರೆಗೆ ನಡೆಯಿತು. ಬರಬರುತ್ತ ರಾಬರ್ಟ್ ಹಿಗಮ್ ಜೊತೆಯಾದರು. ಮೂವತ್ತೆರಡು ವರ್ಷಗಳಲ್ಲಿ ತೆರೆದದ್ದು ಮುಖ್ಯವಾಗಿ ಅಂಗಳದ ಉತ್ತರಾರ್ಧ. ಅಷ್ಟರಲ್ಲೇ ಒಂದರ ಮೇಲೊಂದು, ಒಂದನ್ನು ಕಿತ್ತು ಇನ್ನೊಂದು ಎಂಬಂತೆ ಕಟ್ಟಿದ ಸುಮಾರು ಐವತ್ತು ಕಟ್ಟಡಗಳ ಗುರುತು ಸಿಕ್ಕಿತು. ದಿಬ್ಬದ ಬುಡದಲ್ಲಿ, ಸೇತುವೆಗೆ ಎದುರಾಗಿ ದೊಡ್ಡ ಕಟ್ಟಡ. ಕಣಜ ಎನ್ನಬಹುದಾದದ್ದು ಒಂದು, ಪ್ರಾರ್ಥನಾ ಮಂದಿರ ಇರಬಹುದಾದದ್ದು ಇನ್ನೊಂದು, ನೀರಿನ ತೊಟ್ಟಿ ಒಂದು. ಸೇತುವೆಯೂ ಒಂದಲ್ಲ, ಹಳೆಯದು ಹೋದಂತೆ ಹೊಸದು. 12ನೇ ಶತಮಾನದ ನಡುವಿನ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕಟ್ಟಡಗಳು ಕಿಕ್ಕಿರಿದಿದ್ದವು.

ತಾತ್ಕಾಲಿಕ ಎನ್ನುವುದು ಇಂಥದಕ್ಕಲ್ಲ. 1070ರ ದಶಕದಿಂದ 1300ರ ಸುಮಾರಿನವರೆಗೆ, ಅಂದರೆ ಇನ್ನೂರಕ್ಕೂ ಹೆಚ್ಚು ವರ್ಷ, ಈ ಕೋಟೆ ಮರದ್ದಾಗಿಯೇ ಬಾಳಿತು. ಅದರ ಒಡೆಯರಿಗೆ ಕಲ್ಲಿನ ಕೋಟೆಯ ಪರಿಚಯ ಇರಲಿಲ್ಲವೆಂದಲ್ಲ. ಮರ ಅವರಿಗೆ ಸಾಕಾಗಿತ್ತು. ಕೊಳೆತ ಕಂಬವನ್ನು ಬದಲಿಸಬಹುದು, ಸಂಸಾರ ಬೆಳೆದರೆ ಗೋಡೆ ಸರಿಸಬಹುದು. ಇಲ್ಲಿ ಸಿಕ್ಕ ಮೊಳೆಗಳು ಬಹಳ ಕಡಿಮೆ. ಅಂದರೆ ಬಡಗಿಗಳು ಕೀಲು ಕೂಡಿಸಿ, ಮರದ ಬೆಣೆ ಬಡಿದೇ ಕಟ್ಟಡ ನಿಲ್ಲಿಸುತ್ತಿದ್ದರು. ಅವಸರದ ಕೈಯ ಕೆಲಸ ಹೀಗಿರುವುದಿಲ್ಲ. ‘ಮರದ ಕೋಟೆಗಳು’ ಎಂಬ ಹೆಸರಿನಲ್ಲೇ ಹಿಗಮ್ ಮತ್ತು ಬಾರ್ಕರ್ 1992ರಲ್ಲಿ ಗ್ರಂಥ ತಂದರು. ಕಲ್ಲಿನ ಕೋಟೆಗಳ ಮುನ್ನುಡಿಯಾಗಿ ಮಾತ್ರ ಇವನ್ನು ಕಾಣುವ ಅಭ್ಯಾಸ ಆ ಮೇಲೆ ಕಡಿಮೆಯಾಯಿತು.

ಇಷ್ಟೆಲ್ಲ ಅಗೆದು ದೊರೆತ ಸಾಮಾನುಗಳ ಪಟ್ಟಿ ಮಾತ್ರ ನಿರಾಶೆ ಹುಟ್ಟಿಸುವಂಥದು. ಸಾದಾ ಮಡಕೆ ಚೂರು, ಪ್ರಾಣಿಗಳ ಎಲುಬು, ತುಕ್ಕು ಹಿಡಿದ ಕಬ್ಬಿಣ. ನಾಣ್ಯ, ಆಭರಣ, ಬೆಲೆಬಾಳುವ ವಸ್ತು ತೀರಾ ಅಪರೂಪ. ಊರಿನವರ ಕಣ್ಣಿಗೆ ಯಮನ ಮನೆಯಂತೆ ಕಂಡಿರಬಹುದಾದ ಕೋಟೆಯೊಳಗೆ ಬದುಕು ಬರಡಾಗಿತ್ತು. ಚಳಿ, ಕೆಸರು, ಹೊಗೆ, ಮೇಲೆ ಯಾವಾಗ ವೇಲ್ಸ್‌ನವರು ಏರಿಬರುತ್ತಾರೋ ಎಂಬ ದಿಗಿಲು. ಕಾವಲಿನವರು ಇಂಥ ಕಡೆ ವರ್ಷಗಟ್ಟಲೆ ಹೇಗೆ ಕಳೆದರೋ!

ಅಗೆತದಲ್ಲಿ ದೊರೆತ ಅತಿ ಮುಖ್ಯವಾದ ಸಂಗತಿ ಕೋಟೆಯದೇ ಅಲ್ಲ. ಏರಿಯ ಅಡಿಯಲ್ಲಿ, ನಾರ್ಮನ್ನರು ಮಣ್ಣು ಸುರಿಯುವುದಕ್ಕೆ ಮುಂಚಿನ ಹಳೆಯ ನೆಲ ಇತ್ತು. ಅದರ ಮೇಲೆ ಉಬ್ಬು ತಗ್ಗಾದ ನೇಗಿಲ ಸಾಲುಗಳು! ಯಾರೋ ಉತ್ತ ಹೊಲ. ಮೇಲೆ ಬಿದ್ದ ಏರಿಯ ಮಣ್ಣೇ ಅದನ್ನು ಒಂಬೈನೂರು ವರ್ಷ ಮುಚ್ಚಿ ಕಾಪಾಡಿತ್ತು. ಸಾಲುಗಳು ಕೋಟೆಯ ಆಚೆಗೂ ಹರಡಿದ್ದವು. ಡೂಮ್ಸ್‌ಡೇ ಪುಸ್ತಕ ಈ ಸೀಮೆಯ ಬಗ್ಗೆ ಹೇಳುವುದು ಬೇರೆಯೇ: ಎಡ್ವರ್ಡನ ಕಾಲದಲ್ಲಿ ಮೂವರು ಇಂಗ್ಲಿಷ್ ಒಡೆಯರು ಇದನ್ನು ಬೇಟೆಗೆ ಇಟ್ಟುಕೊಂಡಿದ್ದರು. ಎರಡನ್ನೂ ಕೂಡಿಸಿ ನೋಡಿದರೆ, ಮೊದಲು ಇಲ್ಲಿ ಬೇಸಾಯವಿತ್ತು. ಗಡಿಯ ಹೊಡೆದಾಟದಲ್ಲಿ ಒಕ್ಕಲು ಎದ್ದುಹೋಗಿ ಹೊಲ ಬೀಡುಬಿದ್ದು ಬೇಟೆಯ ಕಾವಲಾಗಿರಬೇಕು. ಕೊನೆಗೆ ಅದರ ಮೇಲೆ ಅರ್ಲ್ ರೋಜರನ ಏರಿ ಬಂತು. ಷ್ರೂಸ್‌ಬರಿಯವರಿಗೆ ತಮ್ಮ ಕಷ್ಟ ಹೇಳಿಕೊಳ್ಳಲು ಒಬ್ಬ ಬರೆಯುವವನಾದರೂ ಸಿಕ್ಕಿದ್ದ. ಈ ಹೊಲ ಉತ್ತವರ ಬಗ್ಗೆ ನೇಗಿಲ ಸಾಲೇ ದಾಖಲೆ.

ಮುಂದಿನ ಕಥೆ ಬೇಗ ಮುಗಿಯುತ್ತದೆ. 1223ರಲ್ಲಿ ಮೂರನೇ ಹೆನ್ರಿ ರಾಜ ಸುಮಾರು ಒಂದು ಮೈಲಿ ದೂರದ ಬಂಡೆಯ ಮೇಲೆ ಹೊಸ ಕಲ್ಲಿನ ಕೋಟೆ ಆರಂಭಿಸಿದ. ಮಾಂಟ್‌ಗೊಮೆರಿ ಎಂಬ ಹೆಸರು ಅಲ್ಲಿಗೆ ಹೋಯಿತು. ಹಳೆಯದು ಹೆಸರು ಕಳೆದುಕೊಂಡು, ಹಾಯಗಡ ಕಾಯುವ ಹೊರಠಾಣೆಯಾಗಿ ಉಳಿಯಿತು. ಆ ಹಾಯಗಡದಲ್ಲೇ 1267ರಲ್ಲಿ ಹೆನ್ರಿಯು ಲೆವೆಲಿನ್ ಎಂಬ ವೆಲ್ಷ್ ದೊರೆಯನ್ನು ವೇಲ್ಸ್‌ನ ರಾಜಕುಮಾರನೆಂದು ಒಪ್ಪಿದ ಒಪ್ಪಂದವಾಯಿತು. 1280ರ ದಶಕದಲ್ಲಿ ಮೊದಲನೇ ಎಡ್ವರ್ಡ್ ವೇಲ್ಸನ್ನು ಪೂರ್ತಿಯಾಗಿ ಗೆದ್ದ ಮೇಲೆ ಕಾಯುವುದಕ್ಕೇನೂ ಉಳಿಯಲಿಲ್ಲ. ಮರ ಕೊಳೆಯಿತು, ಹುಲ್ಲು ಬೆಳೆಯಿತು. ಕಲ್ಲಿನ ಕೋಟೆಯೂ ಬಹಳ ಉಳಿಯಲಿಲ್ಲ. 17ನೇ ಶತಮಾನದ ಅಂತರ್ಯುದ್ಧದ ನಂತರ, 1649ರಲ್ಲಿ ಪಾರ್ಲಿಮೆಂಟಿನ ಆಜ್ಞೆಯಂತೆ ಅದನ್ನು ಕೆಡವಿದರು. ಅದರ ಮುರುಕು ಗೋಡೆಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ.

ಫಿಲಿಪ್ ಬಾರ್ಕರ್ 2001ರಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು ಹೆನ್ ಡೊಮೆನ್‌ನ ಕೊನೆಯ ವರದಿ ಅಚ್ಚಾಗಿತ್ತು. ಹಳೆಯ ದಿಬ್ಬ ಗಿಡಮರಗಳಿಂದ ಮುಚ್ಚಿಕೊಂಡು ಹೊಲಗಳ ನಡುವೆ ನಿಂತಿದೆ. ಅಂಗಳದ ಇನ್ನರ್ಧದ ಬಹುಭಾಗಕ್ಕೆ ಕರಣೆ ತಾಗಿಲ್ಲ. ಅಲ್ಲಿಯ ಗುಣಿಗಳೂ, ಅವುಗಳ ಕೆಳಗಿನ ನೇಗಿಲ ಸಾಲೂ ಹುಲ್ಲಿನ ಅಡಿಯಲ್ಲಿ ಹಾಗೆಯೇ ಇವೆ.